'ಅಲ್ವಾ?' ಅಂತ ಕೇಳಬೇಡಿ

ಕಳೆದ ಶನಿವಾರ ನಮ್ಮ ಕೀಮೋ ಮಿಕ್ಸಿಂಗ್ ರೂಮಿನಲ್ಲಿ, ಅಂದರೆ ಕ್ಯಾನ್ಸರ್ ಔಷಧಿ ಬೆರೆಸುವ ಕೋಣೆಯಲ್ಲಿ, ಒಂದು ನಾಟಕ ಆಡಿದೆವು. ವಯಲ್‌ಗಳಲ್ಲಿ, ಅಂದರೆ ಔಷಧಿಯ ಪುಟ್ಟ ಬಾಟಲಿಗಳಲ್ಲಿ, ಇದ್ದದ್ದು ಬರೀ ನೀರು. ರೋಗಿಯ ಹೆಸರೂ ಸುಳ್ಳು. ಆದರೆ ಗೌನು, ಎರಡೆರಡು ಗ್ಲೌಸು, ವಾರ್ಡಿನಿಂದ ಬರುವ ಫೋನು, "ಇನ್ನೂ ಆಗಿಲ್ವಾ?" ಅನ್ನುವ ಅವಸರ, ಇವೆಲ್ಲ ದಿನನಿತ್ಯದ ಹಾಗೇ ಇದ್ದವು. ಟ್ರೇಯಲ್ಲಿ ನಾನು ಮೂರು ತಪ್ಪು ಬಚ್ಚಿಟ್ಟಿದ್ದೆ.

ಡೇಟ್ ಮುಗಿದ ವಯಲ್ ತಕ್ಷಣ ಸಿಕ್ಕಿಬಿದ್ದಿತು. ಆಕ್ಸಾಲಿಪ್ಲಾಟಿನ್ ಅನ್ನುವ ಔಷಧಿ ಬೆರೆಸಲು ಡೆಕ್ಸ್‌ಟ್ರೋಸ್ ದ್ರವದ ಬದಲು ಸಲೈನ್ ಇಟ್ಟಿದ್ದೆ, ಅದೂ ಸಿಕ್ಕಿತು. ಮೂರನೆಯದು ಮಾತ್ರ ಪರೀಕ್ಷಿಸುವ ಇಬ್ಬರ ಸಹಿ ಬಿದ್ದು ಹೊರಗೆ ಹೋಯಿತು. ಕಾರ್ಬೋಪ್ಲಾಟಿನ್ ವಯಲ್‌ಗಳ ಮಧ್ಯೆ ಒಂದು ಸಿಸ್‌ಪ್ಲಾಟಿನ್! ಕಾರ್ಬೋಪ್ಲಾಟಿನ್ ಕೊಡುವಷ್ಟೇ ಡೋಸ್ ಸಿಸ್‌ಪ್ಲಾಟಿನ್ ಹೋದರೆ ಕಿಡ್ನಿ ಕೈಕೊಡುತ್ತದೆ, ಜೀವಕ್ಕೂ ಅಪಾಯ.

ಇಬ್ಬರೂ ಬುದ್ಧಿವಂತ ಹುಡುಗಿಯರೇ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಹಾಕಿ ನೋಡಿದಾಗ ಗೊತ್ತಾಯಿತು.

"ಅಕ್ಕಾ, ಕಾರ್ಬೋ ಮೂರು, ಅಲ್ವಾ?"

"ಹೂಂ."

ಪ್ರಶ್ನೆಯೊಳಗೇ ಉತ್ತರ ಇತ್ತು. ಆ 'ಅಲ್ವಾ' ಕೇಳಿಸಿದರೆ ನಮ್ಮ ಬಾಯಿಂದ 'ಹೂಂ' ತಾನಾಗಿ ಬರುತ್ತದೆ. ಇದನ್ನು ಡಬಲ್ ಚೆಕ್ ಅನ್ನುವುದು ಹೇಗೆ?

2006ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಒಬ್ಬ ಮಹಿಳೆಗೆ ನಾಲ್ಕು ದಿನ ಹನಿಹನಿಯಾಗಿ ಹೋಗಬೇಕಿದ್ದ ಫ್ಲೋರೋಯುರಾಸಿಲ್ ಅನ್ನುವ ಕ್ಯಾನ್ಸರ್ ಔಷಧಿ ನಾಲ್ಕೇ ಗಂಟೆಯಲ್ಲಿ ಮುಗಿದಿತ್ತು. ಗಂಟೆಗೆ 1.2 ಮಿಲಿ ಹೋಗಬೇಕಿತ್ತು. ಪಂಪಿಗೆ ಹಾಕಿದ್ದು 28.8, ಅಂದರೆ ಇಡೀ ದಿನದ ಲೆಕ್ಕ. 24ರಿಂದ ಭಾಗಿಸುವುದು ಬಿಟ್ಟುಹೋಗಿತ್ತು. ಇನ್ನೊಬ್ಬ ನರ್ಸ್ ಪರೀಕ್ಷಿಸಿದ್ದರು. ಔಷಧಿಯ ಲೇಬಲ್ ಮೇಲೂ 28.8 ಅಂತ ಇತ್ತು. ಅಂಕಿ ತಾಳೆಯಾಯಿತು, ರೋಗಿ ಉಳಿಯಲಿಲ್ಲ.

ಈಗ ನಮ್ಮಲ್ಲಿ ಹೊಸ ಪದ್ಧತಿ. ಮೊದಲನೆಯವರು ಔಷಧಿಯ ಹೆಸರು ಎತ್ತಬಾರದು. ಎರಡನೆಯವರು ವಯಲ್ ಕೈಗೆ ತಗೊಂಡು ತಾವೇ ಗಟ್ಟಿಯಾಗಿ ಓದಬೇಕು, ಡೋಸ್ ಬೇರೆ ಹಾಳೆಯಲ್ಲಿ ತಾವೇ ಲೆಕ್ಕ ಹಾಕಬೇಕು. ಮೊದಲ ದಿನ ಎಲ್ಲರಿಗೂ ನಗು, ಎಲ್‌ಕೆಜಿ ಮಕ್ಕಳ ಪಾಠದ ಹಾಗೆ.

"ಇದಕ್ಕೆಲ್ಲ ಟೈಮ್ ಎಲ್ಲಿದೆ?" ಅನ್ನುವವರಿದ್ದಾರೆ. ಅವರನ್ನೂ ಸುಮ್ನೆ ತಳ್ಳಿಹಾಕಲಾರೆ, ಬೆಳಿಗ್ಗೆ ಹತ್ತಕ್ಕೆ ನಮ್ಮ ರೂಮು ಸಂತೆಯೇ. ಆದರೆ ಈ ನಾಟಕಕ್ಕೆ ಹಿಡಿದದ್ದು ನಲವತ್ತು ನಿಮಿಷ. ಖಾಲಿ ವಯಲು, ನೀರು, ಅಷ್ಟೇ ಖರ್ಚು. ಪವರ್‌ಪಾಯಿಂಟ್ ಹಾಕಿ ಎರಡು ಗಂಟೆ ಎಲ್ಲರನ್ನೂ ಕೂರಿಸುತ್ತೀರಲ್ಲ, ಆ ಸಮಯ ಎಲ್ಲಿಂದ ಬಂತು ಸ್ವಾಮಿ?

ಮುಂದಿನ ತಿಂಗಳು ಟ್ರೇ ಜೋಡಿಸುವುದು ಆ ಇಬ್ಬರು ಹುಡುಗಿಯರು, ಔಷಧಿ ಬೆರೆಸುವ ಹುಡ್ ಮುಂದೆ ಕೂರುವುದು ನಾನು. ಈಗಲೇ ಗುಸುಗುಸು ಮಾತಾಡಿಕೊಂಡು ನಗುತ್ತಿದ್ದಾರೆ.