ವಿಮರ್ಶಕರು ಬೈದ ಸಿನಿಮಾ, ಅಮ್ಮನೂ ನಾನೂ ನೋಡಿದೆವು

ನಿನ್ನೆ ರಾತ್ರಿ ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯಾದ ಮನೆಯಲ್ಲಿ ಅಮ್ಮನ ಜೊತೆ ಕೂತು ‘ದಿ ಗಿಲ್ಟ್ ಟ್ರಿಪ್’ ನೋಡಿದೆ. 2012ರ ಇಂಗ್ಲಿಷ್ ಕಾಮಿಡಿ. ಬಾರ್ಬ್ರಾ ಸ್ಟ್ರೈಸೆಂಡ್ ತಾಯಿ, ಸೆತ್ ರೋಗನ್ ಮಗ. ಆಗ ಹೆಚ್ಚಿನ ವಿಮರ್ಶಕರಿಗೆ ಇದು ಹಿಡಿಸಿರಲಿಲ್ಲ. ಕೆಟ್ಟ ನಟನೆಗೆ ಕೊಡುವ ರ‍್ಯಾಜಿ ಪ್ರಶಸ್ತಿಯ ಪಟ್ಟಿಗೂ ಸ್ಟ್ರೈಸೆಂಡ್ ಹೆಸರು ಸೇರಿತ್ತು. ನಾನು ಇದನ್ನು ಖಂಡಿತ ಒಪ್ಪುವುದಿಲ್ಲ.

ಕಥೆ ಸಣ್ಣದು. ಮಗ ಆಂಡಿ ಕುಡಿದರೂ ಅಪಾಯವಿಲ್ಲದ ಕ್ಲೀನಿಂಗ್ ಲಿಕ್ವಿಡ್ ತಯಾರಿಸಿದ್ದಾನೆ. ಅದನ್ನು ಮಾರಲು ಅಮೆರಿಕದ ಉದ್ದಕ್ಕೂ ಕಾರಿನಲ್ಲಿ ಹೊರಟವನು ಒಂಟಿಯಾಗಿರುವ ಅಮ್ಮ ಜಾಯ್ಸ್‌ಳನ್ನೂ ಕರೆದುಕೊಂಡು ಹೋಗುತ್ತಾನೆ. ಚಿತ್ರಕಥೆ ಬರೆದ ಡ್ಯಾನ್ ಫೋಗಲ್‌ಮನ್ ಹಿಂದೊಮ್ಮೆ ತನ್ನ ತಾಯಿಯ ಜೊತೆ ನ್ಯೂಜೆರ್ಸಿಯಿಂದ ಲಾಸ್ ವೇಗಸ್‌ವರೆಗೆ ಹೀಗೇ ಹೋಗಿದ್ದರು. ಅನುಭವಿಸಿ ಬರೆದದ್ದು ಅಂತ ಪ್ರತಿ ಜಗಳದಲ್ಲೂ ಗೊತ್ತಾಗುತ್ತದೆ.

ಜಾಯ್ಸ್‌ಗೆ ಮಾತು ಜಾಸ್ತಿ. ಮಗನಿಗೆ ಮೇಲಿಂದ ಮೇಲೆ ಫೋನ್ ಮೆಸೇಜು. ಯಾರು ಸಿಕ್ಕಿದರೂ ಮನೆಯ ಸುದ್ದಿ ಎಲ್ಲ ಹೇಳಿಬಿಡುತ್ತಾಳೆ. ನೋಡುವಾಗ ನನಗೆ ಹೋದ ವರ್ಷ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋದದ್ದೇ ಕಣ್ಣ ಮುಂದೆ ಬಂತು. “ಜಾಲ್ಸೂರು ದಾಟಿದ ಮೇಲೆ ಪೆಟ್ರೋಲ್ ಹಾಕು ಮಗಾ, ಕರ್ನಾಟಕದಲ್ಲಿ ರೇಟು ಕಡಿಮೆ ಉಂಟು.” ಊರು ಬಿಡುವಾಗ ಅಂಗಡಿಯವನ ಹತ್ತಿರ ಮಲಯಾಳ, ಸುಳ್ಯದ ಹೋಟೆಲಿನಲ್ಲಿ ತುಳು, ಹುಣಸೂರಿನಲ್ಲಿ ಎಳನೀರು ಮಾರುವವನ ಹತ್ತಿರ ಕನ್ನಡ. ಮೂರೂ ಕಡೆ ನನ್ನ ಸಂಬಳದ ವಿಷಯ ಬಂತು!

ಸಂಪಾಜೆ ಘಾಟಿಯಲ್ಲಿ ಅಮ್ಮನ ಒಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿ, ಇನ್ನೊಂದರಲ್ಲಿ ಮೂಸಲು ಲಿಂಬೆಹುಳಿ. ಪ್ರತಿ ತಿರುವಿಗೂ “ನಿಧಾನ, ಎಂತ ಅವಸರ?” ಘಾಟಿ ಹತ್ತಿ ಮಡಿಕೇರಿ ಬಂದ ಮೇಲೆ ಲಿಂಬೆಹುಳಿಯನ್ನು ಚೀಲಕ್ಕೆ ಹಾಕಿ, ರಸ್ತೆ ನೋಡುತ್ತಲೇ ಹೇಳಿದರು: ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಓದಲು ಸೀಟು ಸಿಕ್ಕಿತ್ತಂತೆ. ಎರಡು ತಿಂಗಳು ಬಸ್ಸಿನಲ್ಲಿ ಹೋಗಿಯೂ ಬಂದಿದ್ದರಂತೆ. ಅಷ್ಟರಲ್ಲಿ ಮದುವೆ ಗೊತ್ತಾಯ್ತು. ನನಗೆ ಇದು ಗೊತ್ತೇ ಇರಲಿಲ್ಲ. ಮನೆಯಲ್ಲಿ ಎದುರೆದುರು ಕೂತರೆ ಇಂಥ ಮಾತು ಬರುವುದಿಲ್ಲ. ಕಾರಿನಲ್ಲಿ ಇಬ್ಬರ ಕಣ್ಣೂ ರಸ್ತೆ ಮೇಲೆ ಇರುತ್ತದೆ, ಅದಕ್ಕೇ ಇರಬೇಕು.

ಸಿನಿಮಾದ ಜೀವ ಇರುವುದೂ ಇಲ್ಲೇ. ಆಂಡಿ ಅನ್ನುವ ಹೆಸರು ತಾಯಿಯ ಮೊದಲ ಪ್ರೀತಿಯ ಹುಡುಗನದ್ದು. ಅದು ಗೊತ್ತಾದ ಮಗ ಅವನನ್ನು ಹುಡುಕಿ, ಅಮ್ಮನನ್ನು ಸ್ಯಾನ್ ಫ್ರಾನ್ಸಿಸ್ಕೋವರೆಗೆ ಕರೆದುಕೊಂಡು ಹೋಗುತ್ತಾನೆ. (ಮುಂದಿನದು ಕ್ಲೈಮ್ಯಾಕ್ಸ್, ನೋಡುವವರು ಈ ಪ್ಯಾರಾ ಬಿಡಿ.) ಅಲ್ಲಿ ಆ ಮನುಷ್ಯ ತೀರಿಹೋಗಿದ್ದಾನೆ. ಮನೆಯಲ್ಲಿರುವ ಮಗಳ ಹೆಸರು ಜಾಯ್ಸ್. ಆ ಹೆಸರು ಕೇಳಿದಾಗ ಸ್ಟ್ರೈಸೆಂಡ್ ಮುಖ ನೋಡಬೇಕು. ಕೆಟ್ಟ ನಟನೆ ಅಂತೆ! ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು “ಪಾಪ, ಅವನೂ ಮರೆತಿರಲಿಲ್ಲ ಅಲ್ವಾ” ಅಂದರು.

ನಗಿಸುವ ದೃಶ್ಯಗಳೂ ಬೇಕಾದಷ್ಟಿವೆ. ಟೆಕ್ಸಸ್‌ನ ಹೋಟೆಲಿನಲ್ಲಿ ಒಂದು ಗಂಟೆಯೊಳಗೆ ತಟ್ಟೆ ತುಂಬ ಮಾಂಸ ಮುಗಿಸುವ ಪಂದ್ಯಕ್ಕೆ ಜಾಯ್ಸ್ ಕೂತುಬಿಡುತ್ತಾಳೆ. ಅಮ್ಮ ಶುದ್ಧ ಸಸ್ಯಾಹಾರಿ. ಮೊದಲು “ಅಯ್ಯೋ ದೇವರೇ” ಅಂತ ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಕುರ್ಚಿಯ ತುದಿಗೆ ಬಂದು “ಮುಗಿಸ್ತಾಳಾ? ಟೈಮೆಷ್ಟು ಉಂಟು?” ಅಂತ ಕೇಳತೊಡಗಿದರು.

ಅಮ್ಮನ ಜೊತೆಗೇ ನೋಡಿ. ಅವರಿಗೆ ಇಂಗ್ಲಿಷ್ ಬಾರದಿದ್ದರೆ ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳಿ. ಒಂದೂವರೆ ಗಂಟೆಯ ಸಿನಿಮಾ ಮುಗಿಸಲು ನಮಗೆ ಮೂರು ಗಂಟೆ ಬೇಕಾಯ್ತು. ನಡುವೆ ಅಮ್ಮ ಆ ಎರಡು ತಿಂಗಳ ಕಾಲೇಜಿನ ಕಥೆ ಇನ್ನೂ ಸ್ವಲ್ಪ ಹೇಳಿದರು.