ಹುಟ್ಟಿದ್ದು ಟ್ಯುಮೆನ್, ಗೆದ್ದದ್ದು ಸ್ಲೊವಾಕಿಯಾಕ್ಕೆ: ಕುಜ್ಮಿನಾ ದೇಶ ಬದಲಿಸಿದ್ದು ಸರಿಯೇ?

ಸ್ಕೀ ಓಟ, ಗುಂಡು ಹೊಡೆಯುವುದು ಎರಡೂ ಸೇರಿದ ಬಯಾಥ್ಲಾನ್ ಆಟದ ಅನಸ್ತಾಸಿಯಾ ಕುಜ್ಮಿನಾ ಸೈಬೀರಿಯಾದ ಟ್ಯುಮೆನ್ ನಗರದವರು. ಹುಟ್ಟಿದ್ದು 1984ರಲ್ಲಿ. ಮದುವೆಗೆ ಮುಂಚಿನ ಹೆಸರು ಶಿಪುಲಿನಾ. ಜೂನಿಯರ್ ಮಟ್ಟದಲ್ಲಿ ರಷ್ಯಾಕ್ಕೆ ಪದಕ ತಂದರು, ವಿಶ್ವಕಪ್‌ನಲ್ಲೂ ರಷ್ಯಾದ ಪರ ಓಡಿದರು. 2007ರಲ್ಲಿ ಮಗುವಾಯಿತು. 2008ರ ಡಿಸೆಂಬರ್‌ನಲ್ಲಿ ಸ್ಲೊವಾಕಿಯಾದ ಪೌರತ್ವ ಪಡೆದು ಆ ದೇಶದ ಪರ ಕಣಕ್ಕಿಳಿದರು. ಮುಂದಿನ ಮೂರು ಒಲಿಂಪಿಕ್ಸ್‌ಗಳಲ್ಲಿ 3 ಚಿನ್ನ, 3 ಬೆಳ್ಳಿ ಗೆದ್ದರು. ಒಂದೂ ರಷ್ಯಾದ ಲೆಕ್ಕಕ್ಕೆ ಹೋಗಲಿಲ್ಲ. ಇದು ಸರಿಯೇ? ಚಳಿಗಾಲದ ಆಟಗಳ ಹುಚ್ಚಿರುವ ಇಬ್ಬರು ಗೆಳೆಯರು ಇಲ್ಲಿ ಎರಡು ದಿಕ್ಕಿಗೆ ಎಳೆದಿದ್ದಾರೆ.

ಪರ: ಆಟ ಬಿಡುವ ಬದಲು ತಂಡ ಬಿಟ್ಟರು, ಅಷ್ಟೇ

ನನ್ನ ಚಿಕ್ಕಮ್ಮನ ಮಗಳು ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದ ದಿನ, ಅವಳ ಟೇಬಲ್ ಮೇಲೆ ಬೇರೆ ಯಾರದೋ ನೀರಿನ ಬಾಟಲಿ ಇತ್ತು. ಯಾರೂ ಏನೂ ಕೆಟ್ಟದಾಗಿ ಮಾತಾಡಲಿಲ್ಲ. "ಸ್ವಲ್ಪ ದಿನ ಇದನ್ನ ನೋಡ್ಕೊಳ್ಳಿ" ಅಂತ ಮೂಲೆಯ ಸೀಟು, ಹಳೇ ಫೈಲುಗಳ ಕೆಲಸ ಕೊಟ್ಟರು. ಆರು ತಿಂಗಳು ಕಾದಳು. ಆಮೇಲೆ ಬೇರೆ ಕಂಪನಿ ಸೇರಿದಳು. ಈಗ ಅಲ್ಲಿ ಇಡೀ ತಂಡ ಅವಳ ಕೈಯಲ್ಲಿದೆ. ಹಳೇ ಕಂಪನಿಯವರು "ಅವಳಿಗೆ ಕೆಲಸ ಕಲಿಸಿದ್ದೇ ನಾವು" ಅಂತ ಈಗಲೂ ಹೇಳಿಕೊಂಡು ಓಡಾಡುತ್ತಾರಂತೆ. ಕಲಿಸಿದ್ದು ನಿಜ. ಆದರೆ ಕೂರಿಸಿದ್ದು ಮೂಲೆಯಲ್ಲಿ, ಅಲ್ವಾ?

ಕುಜ್ಮಿನಾ ಹೆಸರು ಕೇಳಿದಾಗಲೆಲ್ಲ ನನಗೆ ಆ ಬಾಟಲಿ ನೆನಪಾಗುತ್ತದೆ. ತಾಯಿಯಾದ ಮೇಲೆ ರಷ್ಯಾ ತಂಡದಲ್ಲಿ ಅವರಿಗೆ ಮತ್ತೆ ಜಾಗ ಸಿಗಲಿಲ್ಲ. ರಷ್ಯಾಕ್ಕೆ ಆಗ ಹುಡುಗಿಯರ ಬರ ಇರಲಿಲ್ಲ. 2006ರ ಟ್ಯುರಿನ್, 2010ರ ವ್ಯಾಂಕೂವರ್, ಎರಡೂ ಕಡೆ ಮಹಿಳೆಯರ ರಿಲೇ ಚಿನ್ನ ಅವರದೇ. ಸಾಲು ಅಷ್ಟು ಉದ್ದ ಇದ್ದಾಗ, ಹಸುಗೂಸಿನ ತಾಯಿಗೆ ಯಾರು ಕಾಯುತ್ತಾರೆ? ಗಂಡ ಸ್ಕೀ ಓಟಗಾರ, ಆಮೇಲೆ ಅವರ ಕೋಚ್ ಕೂಡ ಆದವರು. ಮಗುವನ್ನು ಕಟ್ಟಿಕೊಂಡು ಸ್ಲೊವಾಕಿಯಾದ ಬಾನ್ಸ್ಕಾ ಬಿಸ್ಟ್ರಿಟ್ಸಾದಲ್ಲಿ ಸಂಸಾರ ಹೂಡಿದರು. ಆ ಪುಟ್ಟ ದೇಶ "ಬಾಮ್ಮ, ಓಡು" ಅಂದಿತು.

ಬಯಾಥ್ಲಾನ್ ನೋಡದವರಿಗೆ ಎರಡು ಮಾತು. ಹೆಂಗಸರ ಸ್ಪ್ರಿಂಟ್ ಅಂದರೆ 7.5 ಕಿಲೋಮೀಟರ್ ಸ್ಕೀ ಓಟ. ಬೆನ್ನ ಮೇಲೆ ಕನಿಷ್ಠ 3.5 ಕೆಜಿ ತೂಗುವ ರೈಫಲ್. ನಡುವೆ ಎರಡು ಸಲ ಓಟ ನಿಲ್ಲಿಸಿ ಗುಂಡು ಹಾರಿಸಬೇಕು, ಒಮ್ಮೆ ಮಲಗಿಕೊಂಡು, ಒಮ್ಮೆ ನಿಂತುಕೊಂಡು, ತಲಾ ಐದು. ಗುರಿ 50 ಮೀಟರ್ ದೂರದಲ್ಲಿ. ಮಲಗಿ ಹೊಡೆಯುವಾಗ ಅದರ ಅಗಲ 45 ಮಿಲಿಮೀಟರ್, ಕೇರಂ ಸ್ಟ್ರೈಕರ್‌ಗಿಂತ ಚೂರು ದೊಡ್ಡದು. ಏದುಸಿರು ಬಿಡುತ್ತಾ ಬಂದವರು ಆ ಉಸಿರನ್ನು ಅರೆಕ್ಷಣ ಹಿಡಿದು ಟ್ರಿಗರ್ ಒತ್ತಬೇಕು. ಎದೆ ಬಡಿತಕ್ಕೆ ರೈಫಲ್‌ನ ಮೂತಿ ಕುಣಿಯುತ್ತಿರುತ್ತದೆ. ಒಂದು ತಪ್ಪಿದರೆ 150 ಮೀಟರ್‌ನ ದಂಡದ ಸುತ್ತು. ಇಪ್ಪತ್ತು ಸೆಕೆಂಡಿಗೂ ಜಾಸ್ತಿ ಹೋಯಿತು ಅಂತಲೇ ಲೆಕ್ಕ.

2010ರ ಫೆಬ್ರುವರಿ 13, ವ್ಯಾಂಕೂವರ್ ಒಲಿಂಪಿಕ್ಸ್. ಜರ್ಮನಿಯ ಮಗ್ದಲೇನಾ ನಾಯ್ನರ್ ಆ ಕಾಲದ ರಾಣಿ. ಇಬ್ಬರೂ ಒಂದೊಂದು ಗುಂಡು ತಪ್ಪಿಸಿದರು. ಕೊನೆಗೆ ಕುಜ್ಮಿನಾ ಗೆದ್ದದ್ದು 1.5 ಸೆಕೆಂಡಿನಿಂದ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಸ್ಲೊವಾಕಿಯಾದ ಮೊಟ್ಟಮೊದಲ ಚಿನ್ನ ಅದು.

"ಮೊದಲ" ಅಂದೆ ನೋಡಿ, ಅಲ್ಲೇ ಒಂದು ತಮಾಷೆ ಇದೆ. 1972ರಲ್ಲಿ ಸಪೊರೊದಲ್ಲಿ ಬ್ರಾಟಿಸ್ಲಾವಾದ ಹುಡುಗ ಒಂದ್ರೆಯ್ ನೆಪೆಲಾ ಫಿಗರ್ ಸ್ಕೇಟಿಂಗ್ ಚಿನ್ನ ಗೆದ್ದಿದ್ದ. ಅದು ಚೆಕೊಸ್ಲೊವಾಕಿಯಾದ ಲೆಕ್ಕಕ್ಕೆ ಹೋಯಿತು. ಅಂದರೆ ಸ್ಲೊವಾಕ್ ಹುಡುಗನ ಚಿನ್ನ ಸ್ಲೊವಾಕಿಯಾದ್ದಲ್ಲ, ಸೈಬೀರಿಯಾದ ಹುಡುಗಿಯ ಚಿನ್ನ ಸ್ಲೊವಾಕಿಯಾದ್ದು! ಬಾವುಟದ ಲೆಕ್ಕ ಇಷ್ಟೇ ಗಟ್ಟಿ. ಅನ್ಫಿಸಾ ರೆಜ್ತ್ಸೋವಾ ಅವರನ್ನೇ ತಗೊಳ್ಳಿ. ಸ್ಕೀ ಓಟ, ಬಯಾಥ್ಲಾನ್ ಎರಡರಲ್ಲೂ ಒಲಿಂಪಿಕ್ ಚಿನ್ನ ಗೆದ್ದ ಒಬ್ಬಳೇ ಹೆಂಗಸು. 1988ರಲ್ಲಿ ಸೋವಿಯತ್ ಒಕ್ಕೂಟ, 1992ರಲ್ಲಿ ಒಲಿಂಪಿಕ್ ಬಾವುಟದಡಿಯ ಜಂಟಿ ತಂಡ, 1994ರಲ್ಲಿ ರಷ್ಯಾ. ಮೂರು ಒಲಿಂಪಿಕ್ಸ್, ಮೂರು ಬಾವುಟ. ಅವರನ್ನು ಯಾರೂ ದ್ರೋಹಿ ಅನ್ನಲಿಲ್ಲ. ಅವರೂ 1988 ಮತ್ತು 1992ರ ನಡುವೆ ಒಂದು ಮಗು ಹೆತ್ತು ವಾಪಸ್ ಬಂದವರೇ. 1992ರಲ್ಲಿ ಮೂರು ಗುಂಡು ತಪ್ಪಿಸಿ, ಮೂರು ದಂಡದ ಸುತ್ತು ಹಾಕಿಯೂ ಚಿನ್ನ ಹೊಡೆದರು. ತಾಯಂದಿರು ಗೆಲ್ಲಬಲ್ಲರು ಅಂತ ಆ ನಾಡಿಗೆ ಗೊತ್ತಿತ್ತು. ಗೊತ್ತಿದ್ದೂ ಮರೆತಿತು.

2014ರಲ್ಲಿ ಒಲಿಂಪಿಕ್ಸ್ ರಷ್ಯಾದ ಸೋಚಿಗೇ ಬಂತು. ಫೆಬ್ರುವರಿ 9ರ ಸ್ಪ್ರಿಂಟ್‌ನಲ್ಲಿ ಕುಜ್ಮಿನಾ ಹತ್ತಕ್ಕೆ ಹತ್ತೂ ಹೊಡೆದರು. ಎರಡನೆಯವರಾಗಿ ಬಂದ ರಷ್ಯಾದ ಓಲ್ಗಾ ವಿಲುಖಿನಾ 19.9 ಸೆಕೆಂಡ್ ಹಿಂದೆ. ಆ ಬೆಳ್ಳಿಯ ಕಥೆಯೂ ಕೇಳಿ. 2017ರಲ್ಲಿ ಡೋಪಿಂಗ್ ಆರೋಪದ ಮೇಲೆ ಕಸಿದುಕೊಂಡರು, 2020ರಲ್ಲಿ ಕ್ರೀಡಾ ನ್ಯಾಯಮಂಡಳಿ ವಾಪಸ್ ಕೊಡಿಸಿತು. ಕುಜ್ಮಿನಾ ಅವರ ತಮ್ಮ ಆಂಟನ್ ಶಿಪುಲಿನ್ ಕೂಡ ಅದೇ ಸೋಚಿಯಲ್ಲಿ ರಿಲೇ ಚಿನ್ನ ಗೆದ್ದಿದ್ದರು, ರಷ್ಯಾದ ಪರ. ಜೊತೆಯ ಆಟಗಾರನೊಬ್ಬನ ಡೋಪಿಂಗ್ ಪ್ರಕರಣದಿಂದ ಅದೂ ಕೈತಪ್ಪಿತು. ರಷ್ಯಾದ ಡೋಪಿಂಗ್ ಗಲಾಟೆಯಿಂದಾಗಿ 2018ರಲ್ಲಿ ಶಿಪುಲಿನ್‌ಗೆ ಪ್ಯಾಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಆಹ್ವಾನವೇ ಬರಲಿಲ್ಲ. ಅಕ್ಕ ಅಲ್ಲಿ ಎರಡು ಬೆಳ್ಳಿ, ಎಲ್ಲರೂ ಒಟ್ಟಿಗೆ ಹೊರಡುವ ಮಾಸ್ ಸ್ಟಾರ್ಟ್ ಓಟದಲ್ಲಿ ಒಂದು ಚಿನ್ನ ಗೆದ್ದರು. ಸತತ ಮೂರು ಒಲಿಂಪಿಕ್ಸ್‌ಗಳಲ್ಲಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಬಯಾಥ್ಲೀಟ್ ಅವರೇ. ಒಂದೇ ಮನೆಯ ಇಬ್ಬರು ಮಕ್ಕಳು. ಒಬ್ಬರು ಬಾವುಟಕ್ಕೆ ಅಂಟಿಕೊಂಡರು, ಇನ್ನೊಬ್ಬರು ಆಟಕ್ಕೆ. ಯಾರಿಗೆ ಏನು ಉಳಿಯಿತು ಅಂತ ನೀವೇ ನೋಡಿ.

ನಮ್ಮ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟು ಭಾರತದ್ದು ಪಡೆದಾಗ ನಾನಂತೂ ಖುಷಿಪಟ್ಟೆ. ಬರುವವರಿಗೆ ಆರತಿ, ಹೋಗುವವರಿಗೆ ಬೈಗುಳ ಅಂದರೆ ಹೇಗೆ?

2015ರಲ್ಲಿ ಕುಜ್ಮಿನಾಗೆ ಎರಡನೇ ಮಗು. ಮತ್ತೆ ಒಂದು ಸೀಸನ್ ರಜೆ, ಮತ್ತೆ ವಾಪಸ್. ಈ ಸಲ ಟೇಬಲ್ ಅವರದೇ ಇತ್ತು. 2019ರ ಮಾರ್ಚ್ 8ರಂದು ಸ್ವೀಡನ್ನಿನ ಒಸ್ಟರ್‌ಸುಂಡ್‌ನಲ್ಲಿ ಸ್ಪ್ರಿಂಟ್ ಗೆದ್ದು ಮೊದಲ ಸಲ ವಿಶ್ವ ಚಾಂಪಿಯನ್ ಆದರು. ವಯಸ್ಸು 34.

ವಿರೋಧ: ಸ್ಪೈಕ್ಸ್ ಕೊಡಿಸಿದವರ ಹೆಸರು ಫ್ಲೆಕ್ಸ್‌ನಲ್ಲಿ ಇರುವುದಿಲ್ಲ

ಮೇಲಿನದನ್ನು ಓದಿ ನನಗೂ ಕಣ್ಣು ಒದ್ದೆಯಾಯಿತು, ಸುಳ್ಳು ಹೇಳಲ್ಲ. ಕುಜ್ಮಿನಾ ದುಡ್ಡಿಗಾಗಿ ಹೋದವರಲ್ಲ ಅಂತ ನಾನೂ ಒಪ್ಪುತ್ತೇನೆ. ಆದರೆ ನನ್ನ ಗೆಳತಿ ಕಥೆಯನ್ನು ಬಾಣಂತನದಿಂದ ಶುರು ಮಾಡಿದ್ದಾರೆ. ನಾನು ಅದಕ್ಕೂ ಹತ್ತು ವರ್ಷ ಹಿಂದಿನಿಂದ ಶುರು ಮಾಡುತ್ತೇನೆ.

ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಒಬ್ಬ ಪಿಟಿ ಮೇಷ್ಟ್ರಿದ್ದರು. ನನ್ನ ಜೊತೆ ಓದುತ್ತಿದ್ದ ಹುಡುಗನೊಬ್ಬ ಬರಿಗಾಲಲ್ಲಿ 800 ಮೀಟರ್ ಓಡಿ ತಾಲ್ಲೂಕಿಗೇ ಫಸ್ಟ್ ಬಂದ. ಮೇಷ್ಟ್ರು ಸ್ವಂತ ದುಡ್ಡಲ್ಲಿ ಅವನಿಗೆ ಸ್ಪೈಕ್ಸ್ ತಂದುಕೊಟ್ಟರು. ಬೆಳಿಗ್ಗೆ ಐದೂವರೆಗೆ ಸೈಕಲ್ ಮೇಲೆ ಅವನ ಹಿಂದೆ ಹಿಂದೆ ಹೋಗುತ್ತಿದ್ದರು. ಎರಡು ವರ್ಷ ಆದ ಮೇಲೆ ಸಿಟಿಯ ಒಂದು ಕಾಲೇಜು ಫ್ರೀ ಸೀಟು, ಹಾಸ್ಟೆಲ್ ಕೊಟ್ಟು ಅವನನ್ನು ಕರೆದುಕೊಂಡಿತು. ಅವನು ರಾಜ್ಯಮಟ್ಟದಲ್ಲಿ ಗೆದ್ದಾಗ ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಬಿತ್ತು. ಅಧ್ಯಕ್ಷರ ಫೋಟೋ ದೊಡ್ಡದು, ಪ್ರಿನ್ಸಿಪಾಲರದ್ದು ಅದಕ್ಕಿಂತ ಸ್ವಲ್ಪ ಚಿಕ್ಕದು, ಹುಡುಗನದ್ದು ಕೆಳಗೆ ಮೂಲೆಯಲ್ಲಿ. ಮೇಷ್ಟ್ರ ಹೆಸರು ಎಲ್ಲೂ ಇಲ್ಲ. ಅವರು ಸೈಕಲ್ ನಿಲ್ಲಿಸಿ ಅದನ್ನು ಪೂರ್ತಿ ಓದಿದರು. "ಇರ್ಲಿ ಬಿಡೋ, ಓಡ್ತಿದ್ದಾನಲ್ಲ" ಅಂದರು. ಅವರು ಬಿಟ್ಟರು. ನಾನು ಬಿಟ್ಟಿಲ್ಲ.

ಬಯಾಥ್ಲೀಟ್ ಒಬ್ಬರನ್ನು ಬೆಳೆಸುವುದು 800 ಮೀಟರ್ ಓಟಗಾರನನ್ನು ಬೆಳೆಸಿದ ಹಾಗಲ್ಲ. ರೈಫಲ್ ಬೇಕು, ಗುಂಡು ಬೇಕು, ಶೂಟಿಂಗ್ ರೇಂಜ್ ಬೇಕು. ಹಿಮದ ಟ್ರ್ಯಾಕ್ ಬೇಕು. ಅಂದಂದಿನ ಹಿಮಕ್ಕೆ ತಕ್ಕ ಹಾಗೆ ಸ್ಕೀಗೆ ಮೇಣ ಹಚ್ಚುವವರು ಬೇಕು. ಇದನ್ನೆಲ್ಲ ಟ್ಯುಮೆನ್ ಒದಗಿಸಿತು, ಮಗುವಾಗಿದ್ದಾಗಿನಿಂದ ಜೂನಿಯರ್ ಪದಕದವರೆಗೆ. ಸ್ಲೊವಾಕಿಯಾಕ್ಕೆ ಬಂದವರು 24 ವರ್ಷದ, ಪೂರ್ತಿ ತಯಾರಾದ ಓಟಗಾರ್ತಿ. ಬಂದ ಎರಡೇ ತಿಂಗಳಿಗೆ, 2009ರ ಫೆಬ್ರುವರಿಯಲ್ಲಿ, ವಿಶ್ವ ಚಾಂಪಿಯನ್‌ಷಿಪ್ ಬೆಳ್ಳಿ. ಎರಡು ತಿಂಗಳಲ್ಲಿ ಯಾವ ಕೋಚ್ ಯಾರಿಗೆ ಏನು ಕಲಿಸಲು ಸಾಧ್ಯ?

ಫುಟ್‌ಬಾಲ್‌ನಲ್ಲಿ ಹುಡುಗನನ್ನು ಬೆಳೆಸಿದ ಕ್ಲಬ್‌ಗೆ, ಅವನು ದೊಡ್ಡ ಕ್ಲಬ್‌ಗೆ ಮಾರಾಟವಾದಾಗ ಒಂದು ಪಾಲು ಬರುತ್ತದೆ. ಅದು ಕ್ಲಬ್ಬಿನ ಮಾತು, ದೇಶದ್ದಲ್ಲ, ಗೊತ್ತು. ಆದರೂ ಬೆಳೆಸಿದವರಿಗೆ ಏನೋ ಸಲ್ಲಬೇಕು ಅನ್ನುವ ಯೋಚನೆಯಾದರೂ ಅಲ್ಲಿದೆ. ಒಲಿಂಪಿಕ್ಸ್‌ನಲ್ಲಿ ದೇಶ ಬದಲಿಸಿದರೆ ನಿಯಮ ಕೇಳುವುದು ಮೂರು ವರ್ಷದ ಕಾಯುವಿಕೆ ಮಾತ್ರ. ಸಂಬಂಧಪಟ್ಟ ಸಂಸ್ಥೆಗಳು ಒಪ್ಪಿದರೆ ಅದೂ ಕಡಿಮೆಯಾಗುತ್ತದೆ. ನನ್ನ ತಕರಾರು ಕುಜ್ಮಿನಾ ಮೇಲಲ್ಲ, ಈ ಸಡಿಲ ಬಾಗಿಲಿನ ಮೇಲೆ.

ಬಾಗಿಲು ಸಡಿಲ ಇದ್ದರೆ ಏನಾಗುತ್ತದೆ? 2018ರ ಪ್ಯಾಂಗ್‌ಚಾಂಗ್‌ನಲ್ಲೇ ನೋಡಿದೆವು. ಆತಿಥೇಯ ದಕ್ಷಿಣ ಕೊರಿಯಾಕ್ಕೆ ಬಯಾಥ್ಲಾನ್‌ನಲ್ಲಿ ಹೇಳಿಕೊಳ್ಳುವಂಥವರು ಇರಲಿಲ್ಲ. ರಷ್ಯಾದಿಂದ ಅನ್ನಾ ಫ್ರೋಲಿನಾ, ಎಕತೆರೀನಾ ಅವ್ವಾಕುಮೋವಾ, ತಿಮೊಫೆಯ್ ಲಾಪ್ಶಿನ್ ಬಂದರು, ಕೊರಿಯಾದ ಪಾಸ್‌ಪೋರ್ಟ್ ಸಿಕ್ಕಿತು. ಬಯಾಥ್ಲಾನ್ ಪದಕವೇನೂ ಬರಲಿಲ್ಲ. ಕುಜ್ಮಿನಾ ಮಗುವಿಗಾಗಿ ದಾಟಿದ ಬಾಗಿಲಲ್ಲೇ ಇವರೂ ದಾಟಿದ್ದು. ಒಬ್ಬರ ನೋವಿಗೆ ತೆರೆದ ಬಾಗಿಲು ಇನ್ನೊಬ್ಬರ ಶಾಪಿಂಗ್‌ಗೂ ತೆರೆದಿರುತ್ತದೆ. ಅಲ್ಲಿ ನಿಂತು ಯಾರು ಯಾಕೆ ಬಂದರು ಅಂತ ಕೇಳುವವರು ಯಾರೂ ಇಲ್ಲ.

ರೆಜ್ತ್ಸೋವಾ ಉದಾಹರಣೆ ಚೆನ್ನಾಗಿದೆ. ಆದರೆ ಅದು ನನ್ನ ಪರವಾಗಿಯೇ ಮಾತಾಡುತ್ತದೆ. ಅವರು ಎಲ್ಲೂ ಹೋಗಲಿಲ್ಲ. ಅವರ ಕಾಲ ಕೆಳಗಿನ ದೇಶವೇ ಒಡೆದು ಹೆಸರು ಬದಲಿಸಿತು. ಮನೆ ಕುಸಿದು ಬೀದಿಗೆ ಬಂದವರನ್ನೂ ಮನೆ ಬಿಟ್ಟು ಹೋದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ರಯಾನ್ ವಿಲಿಯಮ್ಸ್‌ಗೂ ತಾಯಿಯ ಕಡೆಯಿಂದ ಭಾರತದ ನಂಟಿತ್ತು. ಕುಜ್ಮಿನಾಗೆ ಸ್ಲೊವಾಕಿಯಾದಲ್ಲಿ ಅಜ್ಜಿಯೂ ಇರಲಿಲ್ಲ, ಅಜ್ಜಿಯ ಮನೆಯೂ ಇರಲಿಲ್ಲ. ಸ್ಲೊವಾಕಿಯಾದಲ್ಲೇ ಹುಟ್ಟಿ ಬೆಳೆದ ಹುಡುಗಿಯರ ಮಾತನ್ನೂ ಯಾರಾದರೂ ಕೇಳಬೇಕಲ್ಲ. ಪ್ರತಿ ದೇಶಕ್ಕೂ ಒಲಿಂಪಿಕ್ಸ್‌ನಲ್ಲಿ ಎಣಿಸಿದಷ್ಟೇ ಜಾಗ. ಹೊರಗಿನಿಂದ ಒಬ್ಬರು ಬಂದರೆ ಒಳಗಿನ ಒಬ್ಬರು ಮನೆಯಲ್ಲಿ ಕೂತು ಟಿವಿ ನೋಡುತ್ತಾರೆ. ಒಂದು ಮಾತು ಮಾತ್ರ ಒಪ್ಪಲೇಬೇಕು. ಕುಜ್ಮಿನಾ ಜೊತೆ ಓಡುತ್ತಲೇ ಪೌಲಿನಾ ಫಿಯಾಲ್ಕೋವಾ ಅಂಥ ಸ್ಥಳೀಯ ಹುಡುಗಿ ವಿಶ್ವಕಪ್ ಪೋಡಿಯಂವರೆಗೂ ಬೆಳೆದರು. ಪಕ್ಕದಲ್ಲಿ ಚಾಂಪಿಯನ್ ಇದ್ದರೆ ಕಲಿಯುವುದಕ್ಕೆ ಸಿಗುತ್ತದೆ. ಗೆಳತಿ ಇದನ್ನು ಬರೆಯಲು ಮರೆತಿದ್ದಾರೆ, ಸುಮ್ನೆ ನಾನೇ ಬಿಟ್ಟುಕೊಟ್ಟೆ.

ಅಕ್ಕ-ತಮ್ಮನ ಹೋಲಿಕೆ ಮಾತ್ರ ನನಗೆ ಸರಿ ಕಾಣಲಿಲ್ಲ. ಶಿಪುಲಿನ್ ಕಳೆದುಕೊಂಡದ್ದು ಬೇರೆಯವರ ತಪ್ಪಿಗೆ. ಅದನ್ನು ತೋರಿಸಿ "ನೋಡಿ, ಉಳಿದವನು ಕೆಟ್ಟ" ಅನ್ನುವುದು ಉಳಿದವರಿಗೆ ಮಾಡುವ ಅನ್ಯಾಯ. ಎಲ್ಲರಿಗೂ ಗಂಟು ಕಟ್ಟಿ ಹೊರಡಲು ಆಗುವುದಿಲ್ಲ. ಉಳಿದವರಿಂದಲೇ ಊರಲ್ಲಿ ರೇಂಜ್ ನಡೆಯುತ್ತದೆ, ಚಿಕ್ಕ ಮಕ್ಕಳು ರೈಫಲ್ ಹಿಡಿಯುವುದು ಕಲಿಯುತ್ತಾರೆ.

2018ರ ಮಾರ್ಚ್‌ನಲ್ಲಿ ವಿಶ್ವಕಪ್‌ನ ಕೊನೆಯ ಸುತ್ತು ಟ್ಯುಮೆನ್‌ನಲ್ಲಿ ನಡೆಯಿತು. ಹೌದು, ಅದೇ ಟ್ಯುಮೆನ್. ರಷ್ಯಾದ ಡೋಪಿಂಗ್ ಗಲಾಟೆಯಿಂದಾಗಿ ಕೆಲವು ದೇಶಗಳು ಅಲ್ಲಿಗೆ ಬರಲೇ ಇಲ್ಲ. ಕುಜ್ಮಿನಾ ಬಂದರು. ಆ ವರ್ಷ ಸ್ಪ್ರಿಂಟ್ ಮತ್ತು ಪರ್ಸ್ಯೂಟ್ (ಮುಂದಿರುವವರನ್ನು ಬೆನ್ನಟ್ಟುವ ಓಟ) ವಿಭಾಗದ ಸ್ಫಟಿಕದ ಗೋಳಗಳು, ಅಂದರೆ ಸೀಸನ್ನಿನ ಟ್ರೋಫಿಗಳು, ಅವರ ಕೈಗೆ ಬಂದವು. ದೊಡ್ಡ ಗೋಳ, ಇಡೀ ಸೀಸನ್ನಿನದ್ದು, ಫಿನ್ಲೆಂಡಿನ ಕೈಸಾ ಮಾಕರೈನೆನ್‌ಗೆ ಹೋಯಿತು. ಅಂತರ 3 ಅಂಕ. ಬಾಲ್ಯದಲ್ಲಿ ಓಡಿದ ಊರಲ್ಲೇ, ಫಲಿತಾಂಶದ ಬೋರ್ಡ್ ಮೇಲೆ ಅವರ ಹೆಸರಿನ ಪಕ್ಕ ಸ್ಲೊವಾಕಿಯಾದ ಗುರುತು, ಎಸ್‌ವಿಕೆ ಅಂತ ಮೂರು ಅಕ್ಷರ ಇತ್ತು. ಮೊದಲ ಸಲ ಅವರ ಕೈಗೆ ರೈಫಲ್ ಕೊಟ್ಟವರು ಯಾರು ಅಂತ ಅಲ್ಲೂ ಯಾವ ಬೋರ್ಡೂ ಹೇಳಲಿಲ್ಲ.