ಹಸಿವಲ್ಲ ಅತ್ತೆ, ಚಳಿ!

ನಮ್ಮ ಮನೇಲಿ ಯಾರು ಅತ್ತರೂ ಕಾರಣ ಒಂದೇ, ಹಸಿವು. ಕರು ಕೂಗಿದರೆ ಹಸಿವು, ಮಗ ರಂಪ ಮಾಡಿದರೆ ಹಸಿವು, ನಾನು ಮುಖ ಊದಿಸಿಕೊಂಡು ಕೂತರೂ ಅತ್ತೆ ತಟ್ಟೆಗೆ ಇನ್ನೊಂದು ಅಕ್ಕಿ ರೊಟ್ಟಿ ಹಾಕಿ ಹೋಗುತ್ತಾರೆ. ಹಾಗಾಗಿ ಆಷಾಢದ ಜಡಿಮಳೇಲಿ ಒಂದು ಕೋಳಿಮರಿ ಹೆಂಚು ಹಾರಿಹೋಗುವ ಹಾಗೆ ಕಿರುಚತೊಡಗಿದಾಗ ಅದರ ಮುಂದೆ ಮೊದಲು ಬಂದು ಬಿದ್ದದ್ದು ನುಚ್ಚು.

ನಮ್ಮದು ಸೋಮವಾರಪೇಟೆ ಕಡೆ, ಕಾಫಿ ತೋಟದ ನಡುವಿನ ಮನೆ. ಕಾವಿಗೆ ಕೂತಿದ್ದ ಹೇಂಟೆ 21 ದಿನ ಮುಗಿದು ಮರಿಗಳು ಎದ್ದು ನಿಂತಿದ್ದೇ ತಡ, ಬುಟ್ಟಿ ಬಿಟ್ಟು ಅವನ್ನೆಲ್ಲ ಕರ್ಕೊಂಡು ಕೊಟ್ಟಿಗೆಗೆ ನಡೆಯಿತು. ಒಂದು ಮೊಟ್ಟೆ ಹಾಗೇ ಉಳಿದಿತ್ತು. ಎಸೆಯೋಣ ಅಂತ ಅತ್ತೆ ಕೈಗೆತ್ತಿಕೊಂಡರೆ ಒಳಗಿಂದ ಚಿಂವ್! ಹೊರಗೆ ಬರೋ ಒಂದು ದಿನ ಮೊದಲೇ ಮರಿ ಮೊಟ್ಟೆಯೊಳಗಿನ ಗಾಳಿಯ ಜಾಗಕ್ಕೆ ಕೊಕ್ಕು ತೂರಿಸಿ ಉಸಿರಾಡಲು, ಕೂಗಲು ಶುರು ಮಾಡುತ್ತೆ. ಹೇಂಟೆ ಹೊರಗಿಂದ ಲೊಕ್ ಲೊಕ್ ಅಂತ ಉತ್ತರ ಕೊಡುತ್ತೆ. ಇಲ್ಲಿ ಉತ್ತರ ಕೊಡಬೇಕಾದವಳು ಕೊಟ್ಟಿಗೇಲಿ ಗೊಬ್ಬರ ಕೆದಕುತ್ತಿದ್ದಳು.

ಬಟ್ಟೆ ಸುತ್ತಿ ಒಲೆ ದಂಡೆ ಮೇಲಿಟ್ಟೆವು. ರಾತ್ರಿ ಮರಿ ಬಂತು. ಮೈಯೆಲ್ಲ ಒದ್ದೆ, ಕೊಕ್ಕಿನ ತುದೀಲಿ ಮೊಟ್ಟೆ ಒಡೆಯೋ ಆ ಪುಟ್ಟ ಬಿಳಿ ಮೊನೆ, ಕಾಲು ನಿಲ್ಲೋದಿಲ್ಲ, ಗಂಟಲು ಮಾತ್ರ ಹುಂಜನದು.

ಅತ್ತೆ ನುಚ್ಚು ತಂದರು. ಮುಟ್ಟಲಿಲ್ಲ. ಯಜಮಾನರು ರಾಗಿ ತಂದರು. ಮೊಟ್ಟೆ ಬಿಡೋ ಮೊದಲು ಮರಿ ಉಳಿದ ಹಳದಿ ಭಾಗವನ್ನೆಲ್ಲ ಹೊಟ್ಟೆಯೊಳಗೆ ಎಳ್ಕೊಂಡಿರುತ್ತೆ, ಎರಡು ದಿನ ಏನೂ ತಿನ್ನದೇ ಇರಬಲ್ಲದು, ಹ್ಯಾಚರಿಯವರು ಒಂದು ದಿನದ ಮರಿಗಳನ್ನು ಡಬ್ಬದಲ್ಲಿ ತುಂಬಿ ಊರೂರಿಗೆ ಕಳಿಸೋದೇ ಈ ಧೈರ್ಯದ ಮೇಲೆ ಅಂತ ನಾನು ಹೇಳಿದೆ. "ನೀನೂ ಹಸಿವಿಲ್ಲ ಅಂತಾನೇ ಹೇಳ್ತೀಯ, ಆಮೇಲೆ ತಿಂತೀಯ" ಅಂದರು ಅತ್ತೆ. ಇದಕ್ಕೇನು ಹೇಳೋದು!

ಪಕ್ಕದ ತೋಟದ ಅಕ್ಕ ಬಂದು ದೃಷ್ಟಿ ಆಗಿದೆ ಅಂದರು. ಆದರೆ ಅವರೇ ಮರಿಯನ್ನು ತಿರುಗಿಸಿ ಹಿಂಭಾಗ ನೋಡಿದರು. ಹಿಕ್ಕೆ ಒಣಗಿ ಅಂಟಿಕೊಂಡು ದಾರಿ ಮುಚ್ಚಿದ್ದರೂ ಮರಿ ಅರಚುತ್ತೆ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಬೇಕು. ಇದರದ್ದು ಸ್ವಚ್ಛವಾಗಿತ್ತು. ದೃಷ್ಟಿಗಿಂತ ಆ ತಪಾಸಣೆ ಎಷ್ಟೋ ಮೇಲು.

ನಿಜವಾದ ಕಾರಣ ಚಳಿ. ಹುಟ್ಟಿದ ಮರಿಗೆ ತನ್ನ ಮೈಶಾಖ ತಾನೇ ಕಾಯ್ದುಕೊಳ್ಳಲು ಬರಲ್ಲ. ಮೊದಲ ವಾರ 32ರಿಂದ 35 ಡಿಗ್ರಿ ಬೆಚ್ಚಗೆ ಬೇಕು. ಆಷಾಢದಲ್ಲಿ ನಮ್ಮ ಮನೇಲಿ ಒಣಹಾಕಿದ ಟವೆಲ್ಲೇ ವಾರಗಟ್ಟಲೆ ಒಣಗಲ್ಲ, ಇನ್ನು ಮರಿ ಎಲ್ಲಿಂದ ಬೆಚ್ಚಗಾಗಬೇಕು? ಯಜಮಾನರು ಶೂ ಡಬ್ಬದ ಮೇಲೆ ಬಲ್ಬ್ ಇಳಿಬಿಟ್ಟು ಬೀಗಿದರು. ಅದು ಎಲ್‌ಇಡಿ. ಬೆಳಕು ಜಾಸ್ತಿ, ಬಿಸಿ ಸೊನ್ನೆ. ಮರಿ ಈಗ ಪ್ರಕಾಶಮಾನವಾಗಿ ನಡುಗುತ್ತಾ ಕಿರುಚಿತು. ಬೆಳಿಗ್ಗೆ ಪೇಟೆಗೆ ಹೋಗಿ 60 ವ್ಯಾಟಿನ ಹಳೇ ಬಲ್ಬ್ ಕೇಳಿದರೆ ಅಂಗಡಿಯವರು ನನ್ನ ಮುಖ, ಮಳೆ, ಮತ್ತೆ ನನ್ನ ಮುಖ ನೋಡಿ, ಧೂಳು ಊದಿ ಒಂದು ಕೊಟ್ಟರು. ತಂದು ಹಚ್ಚಿದೆ, ಮರಿ ತೆಪ್ಪಗಾಯಿತು, ಕರೆಂಟ್ ಹೋಯಿತು. ಆಷಾಢ ಅಲ್ವಾ, ಹೋಗದೇ ಇದ್ದರೇ ಸುದ್ದಿ.

ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಪಕ್ಕದಲ್ಲಿಟ್ಟೆ. ಮರಿ ಸ್ವಲ್ಪ ತಣ್ಣಗಾಯಿತು, ಅಂದ್ರೆ ಬೆಚ್ಚಗಾಯಿತು, ಆದರೂ ಕೂಗು ನಿಲ್ಲಲಿಲ್ಲ. ಕಿವಿಗೊಟ್ಟರೆ ಕೂಗಲ್ಲೂ ಎರಡು ಬಗೆ ಗೊತ್ತಾಗುತ್ತೆ. ಖುಷಿಯಲ್ಲಿದ್ದಾಗ ಸಣ್ಣ ದನಿ, ಚುಟುಕಾಗಿ ಮೇಲೇರುತ್ತೆ. ಸಂಕಟದ್ದು ಜೋರು, ಮೇಲಿಂದ ಶುರುವಾಗಿ ಕೆಳಗಿಳಿಯುತ್ತೆ. ಇದು ಇನ್ನೂ ಇಳಿಯುವ ರಾಗದಲ್ಲೇ ಇತ್ತು. ಒಂಟಿಯಾಗಿದ್ದರೂ ಮರಿ ಹೀಗೇ ಕರೆಯುತ್ತೆ, ಅಮ್ಮನಿಗೆ ತಾನಿರೋ ಜಾಗ ಗೊತ್ತಾಗಲಿ ಅಂತ.

ಮಾವನ ಕ್ಷೌರದ ಕನ್ನಡಿ ತಂದು ಡಬ್ಬದೊಳಗೆ ನಿಲ್ಲಿಸಿದೆ. ಮರಿ ಒಮ್ಮೆ ಕುಕ್ಕಿ ನೋಡಿತು, ಒಳಗಿನ ಮರಿಯೂ ಕುಕ್ಕಿತು, ಅದಕ್ಕೆ ಒರಗಿ ಕೂತು ಕಣ್ಣು ಮುಚ್ಚಿತು. ಮಾವ ಕನ್ನಡಿ ಕೇಳುತ್ತಾ ಬಂದು ಎತ್ತಿದ್ದೇ, ಕಿರ್ರ್! ಪಾಪ, ಗಾಬರಿಯಲ್ಲಿ ವಾಪಸ್ ಇಟ್ಟು, ಕುರುಚಲು ಗಡ್ಡದಲ್ಲೇ ಸಂಬಂಧಿಕರ ನಿಶ್ಚಿತಾರ್ಥಕ್ಕೆ ಹೋದರು. ಅಲ್ಲಿ ಎಲ್ಲರೂ ಹುಷಾರಿಲ್ವಾ ಅಂತ ಕೇಳಿದರಂತೆ.

ಕತ್ತಲಾದ ಮೇಲೆ ಅತ್ತೆ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗಿ, ಮಂಕರಿ ಎತ್ತಿ, ಮರಿಯನ್ನು ಹೇಂಟೆಯ ರೆಕ್ಕೆಯಡಿ ತೂರಿಸಿದರು. ಹಗಲಲ್ಲಾದರೆ ಕುಕ್ಕಿ ಓಡಿಸಬಹುದು, ಕತ್ತಲಲ್ಲಿ ಅದಕ್ಕೆ ಲೆಕ್ಕ ಗೊತ್ತಾಗಲ್ಲ. ಹೇಂಟೆ ಗೊರ್ ಅಂದು ಮೈ ಉಬ್ಬಿಸಿ ಕೂತಿತು.

ಈಗ ಅಂಗಳದಲ್ಲಿ ಎಲ್ಲವೂ ಒಂದೇ ಥರ ಓಡಾಡುತ್ತಿವೆ. ನಮ್ಮದು ಯಾವುದು ಅಂತ ನನಗಂತೂ ಗೊತ್ತಾಗಲ್ಲ. ಅತ್ತೆಗೆ ಮಾತ್ರ ಚೆನ್ನಾಗಿ ಗೊತ್ತಂತೆ. ಕೇಳಿದಾಗಲೆಲ್ಲ ಬೇರೆ ಬೇರೆ ಮರಿ ತೋರಿಸುತ್ತಾರೆ.